ಮಂಚದ ಕೆಳಗಿನ ಡೊಳ್ಳು

ಕಲ್ಮೇಶ ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ. ಆಗ ಏಳನೇ ಇಯತ್ತೆ. ಆಮೇಲೆ ಅವನ ಕಾಲು ಎಲ್ಲಿಯೂ ಆರು ತಿಂಗಳು ಊರಲಿಲ್ಲ.

ಹೋಟೆಲು, ಇಟ್ಟಿಗೆ ಭಟ್ಟಿ, ಲಾರಿ, ಎಲ್ಲ ಆಯಿತು. ಹಿಡಿದ ಕೆಲಸ ಒಂದನ್ನೂ ಮುಗಿಸಿದವನಲ್ಲ. ಮೂವತ್ತರ ಹೊತ್ತಿಗೆ ತುಂಗಭದ್ರೆಯ ದಂಡೆಗೆ ಬಂದು, ಖಾದರಸಾಬರ ತಗಡಿನ ಶೆಡ್ಡಿನಲ್ಲಿ ಬಿದ್ದುಕೊಂಡ. ಗಾಡಿಗಳಿಗೆ ಸ್ಪೀಕರು ಕೂರಿಸುವ ಉಸ್ತಾದರು ಅವರು.

ಒಂದು ದಿನ ಮೈಲಾರಪ್ಪನೆಂಬ ಮುದುಕ ಅಳಿಯನ ಕೈಲಿ ವ್ಯಾನು ಓಡಿಸಿಕೊಂಡು ಬಂದ. ಒಳಗೆ ಮಂಚ, ಒಲೆ, ನೀರಿನ ಕ್ಯಾನು, ಜೊತೆಗೆ ಹೆಂಡತಿ ಗಿರಿಜವ್ವ. ಊರೂರು ತಿರುಗುತ್ತ ಇನ್ನು ಅದೇ ಅವರ ಮನೆ.

"ನಲವತ್ತು ವರ್ಷ ಡೊಳ್ಳು ಬಾರಿಸೀನಿ. ಈಗ ಭುಜ ಹೋತು," ಎಂದ ಮೈಲಾರಪ್ಪ. "ಹಾಡು ಹಚ್ಚಿದ್ರ ಪೆಟ್ಟು ಹೊಟ್ಟ್ಯಾಗ ಬೀಳಬೇಕು ನೋಡ್ರಿ. ನಾಳೆ ಬೆಳಿಗ್ಗೆ ಬರ್ತೀವಿ."

ಉಸ್ತಾದರು ಕಲ್ಮೇಶನ ಕಡೆ ತಿರುಗಿದರು. "ಇದು ನಿನ್ನ ಕೆಲಸ. ನಾನು ಕೈ ಹಚ್ಚಂಗಿಲ್ಲ. ಯಾವುದು ಹಾಕ್ತಿ?"

"ಹನ್ನೆರಡಿಂಚಿನ ದೊಡ್ಡ ಸ್ಪೀಕರು ಎರಡು, ಸಬ್‌ವೂಫರ್. ಊರೇ ನಡುಗಬೇಕು."

"ಮಂಚದ ಕೆಳಗ ಹೋಗಿ ಮಲಗು."

ಕಲ್ಮೇಶ ತೂರಿಕೊಂಡ. ಒಂದು ಮಗ್ಗುಲಿಗೆ ಕ್ಯಾನು ಒತ್ತಿತು, ಇನ್ನೊಂದಕ್ಕೆ ಗ್ಯಾಸಿನ ಸಿಲಿಂಡರು. ಹೊರಗೆ ಬಂದು ಮೈ ಕೊಡವಿಕೊಂಡ.

"ಎಂಟಿಂಚಿನವು ಸಾಕು, ಉಸ್ತಾದ್."

ದಿನವಿಡೀ ಮಂಚದ ಕೆಳಗೇ ಕತ್ತು ಸೊಟ್ಟ ಮಾಡಿಕೊಂಡು, ಎರಡು ಸ್ಪೀಕರು ಕೂರಿಸಿ, ವೈರುಗಳನ್ನು ಕೈಯಲ್ಲೇ ತಡವಿ ಜೋಡಿಸಿದ. ಸಂಜೆ ಡೊಳ್ಳಿನ ಪದ ಹಚ್ಚಿದ. ಒದ್ದೆ ಗೋಣಿಚೀಲ ಬಡಿದಂಥ ಸದ್ದು.

ಆಂಪ್ಲಿಫೈಯರ್ ಏರಿಸಿದ. ಅದು ಕಾದು ಕೆಂಡವಾಯಿತು, ಡೊಳ್ಳು ಮಾತ್ರ ಏಳಲಿಲ್ಲ.

ಕಲ್ಮೇಶ ಶೆಡ್ಡಿನ ಮೂಲೆಗೆ ಹೋಗಿ ಬಟ್ಟೆ ಚೀಲಕ್ಕೆ ತುರುಕತೊಡಗಿದ.

"ಎಲ್ಲಿಗೆ?"

"ನನ್ನ ಕೈಗೆ ವಿದ್ಯೆ ಹತ್ತಂಗಿಲ್ಲ ಉಸ್ತಾದ್. ಅಜ್ಜ ಬರೋದ್ರೊಳಗ ಹೋಗ್ತೀನಿ."

"ಬ್ಯಾಡ. ಬಾ ಇಲ್ಲಿ."

ಉಸ್ತಾದರು ಹಾಡನ್ನು ತಗ್ಗಿಸಿ, ಒಂದು ಸ್ಪೀಕರಿನ ವೈರು ಕಿತ್ತರು. ವ್ಯಾನಿನ ನೆಲ ಧಿಮ್ಮೆಂದಿತು.

ಕಲ್ಮೇಶ ಬಾಯಿ ತೆರೆದು ನಿಂತ. "ಒಂದು ತೆಗೆದ್ರ ಹೆಚ್ಚಾತಲ್ಲ!"

ಅವರು ಟಾರ್ಚಿನ ಸೆಲ್ ಒಂದನ್ನು ತೆಗೆದು ಅವನ ಕೈಗಿಟ್ಟರು. "ಎರಡಕ್ಕೂ ಮುಟ್ಟಿಸಿ ನೋಡು."

ವೈರಿನ ತುದಿಗೆ ಸೆಲ್ ತಾಗಿಸಿದ. ಒಂದು ಸ್ಪೀಕರಿನ ಹೊಟ್ಟೆ ಹೊರಗೆ ಬಂತು. ಇನ್ನೊಂದರದು ಒಳಗೆ ಹೋಯಿತು.

"ಸೋಮಾರಿ ಯಾವುದು?" ಕೇಳಿದರು ಉಸ್ತಾದರು.

ಕಲ್ಮೇಶ ಸೆಲ್ಲನ್ನು ಮತ್ತೊಮ್ಮೆ ಎರಡಕ್ಕೂ ತಾಗಿಸಿದ. "ಎರಡೂ ಅಲ್ಲ. ಒಂದು ದೂಡಿದ್ದನ್ನ ಇನ್ನೊಂದು ಎಳಕೊಂಡೈತಿ. ಒಂದರ ವೈರು ನಾನು ಜೋಡಿಸಿದ್ದು ತಿರುಗಾಮುರುಗಾ."

ಉಸ್ತಾದರು ಚಹಾ ಕುಡಿಯಲು ಹೋದರು. ಕಲ್ಮೇಶ ಮತ್ತೆ ಮಂಚದ ಕೆಳಗೆ ತೂರಿದ.

ಬೆಳಿಗ್ಗೆ ಮೈಲಾರಪ್ಪ ಮಂಚದ ಮೇಲೆ ಕೂತ, ಕಲ್ಮೇಶ ಹಾಡು ಹಚ್ಚಿದ. ಮೊದಲ ಪೆಟ್ಟಿಗೇ ಅವನ ಎರಡೂ ಕೈ ಹೊಟ್ಟೆಯ ಮುಂದೆ ಎದ್ದು ನಿಂತವು, ಇಲ್ಲದ ಡೊಳ್ಳನ್ನು ಬಾರಿಸುವಂತೆ. ಕಣ್ಣು ತುಂಬಿದವು.

"ಮುಗೀತು," ಎಂದಳು ಗಿರಿಜವ್ವ, ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. "ಇನ್ನ ನಾ ಕರೆದದ್ದು ಇವರಿಗೆ ಕೇಳಿದಂಗಾತು!"

ಮೈಲಾರಪ್ಪ ಕಲ್ಮೇಶನ ಕೈ ಹಿಡಿದುಕೊಂಡ. "ತಮ್ಮಾ, ಅಳಿಯ ಇಲ್ಲೀಮಟ ಗಾಡಿ ತಂದು ಬಿಟ್ಟ, ಮುಂದ ಬರಂಗಿಲ್ಲಂತ. ಲಾರಿ ಓಡಿಸಿದಾವಂತಲ್ಲ ನೀನು. ನಮ್ಮ ಕೂಡ ಬರ್ತೀಯೇನು?"

ಕಲ್ಮೇಶ ಉಸ್ತಾದರ ಮುಖ ನೋಡಿದ. ಅವರು ಮೂಲೆಯಿಂದ ಅವನ ಕಂಬಳಿ ತಂದು, ಧೂಳು ಜಾಡಿಸಿ, ತಾವೇ ಮಡಚತೊಡಗಿದರು.

ಅವನು ಕಾಲಿಗೆ ಬೀಳಲು ಬಗ್ಗಿದ. ಅವರು ರಟ್ಟೆ ಹಿಡಿದು ಎತ್ತಿದರು.

"ನಿಮ್ಮ ಉಪಕಾರ ನನ್ನ ಚರ್ಮದಾಗ ಇಳಿದೈತಿ ಉಸ್ತಾದ್," ಎಂದ ಕಲ್ಮೇಶ, ಕಂಬಳಿಯನ್ನು ಚೀಲಕ್ಕೆ ತುಂಬುತ್ತ. "ಆದ್ರ ಒಂದು ತಿಳೀವಲ್ದು. ನಿನ್ನೆಯೂ ಇದೇ ಚೀಲ ಕಟ್ಟಿದ್ದೆ. ಬ್ಯಾಡ ಅಂದ್ರಿ. ಇವತ್ತು ಯಾಕ ಅನ್ನಲಿಲ್ಲ?"

"ನಿನ್ನೆ ನಿನ್ನ ತಪ್ಪನ್ನ ಇಲ್ಲೇ ಬಿಟ್ಟು ಹೊಂಟಿದ್ದಿ," ಎಂದರು ಉಸ್ತಾದರು. "ಅದನ್ನ ಇಟ್ಟುಕೊಳ್ಳಾಕ ನನ್ನ ಶೆಡ್ ಸಣ್ಣದಪ್ಪಾ."