ಗುರುಗಳ ಔಷಧಿ, ಶಿಷ್ಯೆಯ ಪೆಟ್ಟಿಗೆ

ಕಪಿಲೆಯ ದಡದ ಆಶ್ರಮದಲ್ಲಿ ಸೋಮದೇವಯ್ಯ ಎಂಬ ಗುರುಗಳಿದ್ದರು. ಪಾರಾಯಣಕ್ಕಿಂತ ಪ್ರಯೋಗವೇ ಹೆಚ್ಚು ನಡೆಯುತ್ತಿದ್ದ ಆಶ್ರಮ ಅದು.

ಶಿಷ್ಯೆ ಕಾತ್ಯಾಯಿನಿ ಅಲ್ಲಿ ಮೂರು ವರ್ಷ ಕೂತು ಒಂದು ತಂಪಿನ ಪೆಟ್ಟಿಗೆ ಮಾಡಿದಳು. ಒಳಗೆ ಮಿಶ್ರಲೋಹದ ತೆಳು ಹಾಳೆ, ಅದಕ್ಕೆ ಅಂಟಿಸಿದ ಬಿಳಿ ಬಿಲ್ಲೆ.

“ಅಯಸ್ಕಾಂತ ಹತ್ತಿರ ಬಂದ್ರೆ ಈ ಲೋಹ ತಣ್ಣಗಾಗುತ್ತೆ ಗುರುಗಳೇ. ದೂರ ಹೋದ್ಮೇಲೆ ಮೊದಲಿನ ಸ್ಥಿತಿಗೆ ಮರಳಬೇಕು. ಪೂರ್ತಿ ಮರಳಲ್ಲ, ಮೊಂಡು ಹಿಡಿಯುತ್ತೆ. ಹಾಗಾಗಿ ಮುಂದಿನ ಸಲ ತಂಪು ಕಡಿಮೆ.”

“ಅದಕ್ಕೇನು ಮಾಡಿದೆ?”

“ಬಿಲ್ಲೆಗೆ ವಿದ್ಯುತ್ ಕೊಟ್ಟೆ. ಬಿಲ್ಲೆ ಕುಗ್ಗಿ ಲೋಹವನ್ನ ಹಿಂಡುತ್ತೆ, ಲೋಹ ಮರಳುತ್ತೆ. ನೂರನೇ ಸಲಾನೂ ಮೊದಲನೇ ಸಲದಷ್ಟೇ ತಂಪು.”

“ಅಳೆದು ನೋಡಿದ್ಯಾ?”

“ನೂರು ಸಲ ಅಳೆದಿದೀನಿ.”

ಗುರುಗಳು ಅವಳು ಬರೆದಿದ್ದ ವರದಿಗೆ ಸಹಿ ಹಾಕಿದರು.

ಕಾತ್ಯಾಯಿನಿ ವರದಿ ಹಿಡಿದು ಪಟ್ಟಣದ ವಿದ್ವಾಂಸರ ಸಭೆಗೆ ಹೋದಳು. ಚಪ್ಪಾಳೆ ಬಿತ್ತು, ಶಾಲು ಬಂತು. ಐದನೇ ದಿನ ಮಧ್ಯಾಹ್ನ ಆಶ್ರಮಕ್ಕೆ ಮರಳಿದಳು. ಸುಡುಬಿಸಿಲು, ಆದರೂ ಶಾಲು ಹೊದ್ದುಕೊಂಡೇ ಬಂದಿದ್ದಳು.

ಅಡುಗೆಮನೆಯಲ್ಲಿ, ಗುರುಗಳ ಸಕ್ಕರೆ ಕಾಯಿಲೆಯ ಔಷಧಿ ಇಡುತ್ತಿದ್ದ ಫ್ರಿಜ್ ಇರಲಿಲ್ಲ. ಗುರುಗಳು ಚಾಪೆಯ ಮೇಲೆ ಮಲಗಿದ್ದರು. ತುಟಿ ಒಣಗಿ ಬಿರಿದಿತ್ತು. ಪಕ್ಕದಲ್ಲಿದ್ದ ನೀರಿನ ಕೊಡ ಖಾಲಿಯಾಗಿತ್ತು.

“ಫ್ರಿಜ್ ಎಲ್ಲಿ ಗುರುಗಳೇ?”

“ಹೊಳೆಯಾಚೆ ಆಸ್ಪತ್ರೆಗೆ ಕೊಟ್ಟೆ ಕಣಮ್ಮ. ನಮಗಿನ್ಯಾಕೆ ಅದು?”

“ನಿಮ್ಮ ಇನ್ಸುಲಿನ್?”

“ನಿನ್ನ ಪೆಟ್ಟಿಗೇಲಿದೆ.”

ಅವಳು ಓಡಿಹೋಗಿ ಪೆಟ್ಟಿಗೆ ತೆರೆದಳು. ಒಳಗೆ ನಲವತ್ತು ಡಿಗ್ರಿ. ಸೀಸೆಗಳು ಮುಟ್ಟಿದರೆ ಬೆಚ್ಚಗಿದ್ದವು. ಐದು ದಿನದಿಂದ ಗುರುಗಳು ಚುಚ್ಚಿಕೊಂಡದ್ದು ಆ ಕೆಟ್ಟ ಔಷಧಿಯನ್ನೇ.

ಅವಳು ಹೇಗೆ ಹೊಳೆ ದಾಟಿದಳೋ ಅವಳಿಗೇ ತಿಳಿಯದು. ನರ್ಸಮ್ಮ ಬಂದು ಬೇರೆ ಸೂಜಿ ಕೊಟ್ಟರು. ಇನ್ನೊಂದು ದಿನ ಹೀಗೇ ಬಿಟ್ಟಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದು ಗದರಿ, ಹೊಸ ಸೀಸೆಯೊಂದನ್ನು ಇಟ್ಟುಹೋದರು.

ಸಂಜೆಗೆ ಗುರುಗಳು ಎದ್ದು ಕೂತರು. ಕಾತ್ಯಾಯಿನಿ ಪೆಟ್ಟಿಗೆಯನ್ನು ತಂದು ಅವರ ಮುಂದಿಟ್ಟಳು.

“ಪೆಟ್ಟಿಗೇನ ಹೇಗೆ ನಡೆಸಿದ್ರಿ?”

“ನೀನು ಬರೆದಿದ್ದ ಹಾಗೇ. ಅಯಸ್ಕಾಂತ ತರೋದು, ತಣ್ಣಗಾಗೋದು, ಅಯಸ್ಕಾಂತ ತೆಗೆದು ವಿದ್ಯುತ್ ಕೊಡೋದು. ಮೊದಲನೇ ಸಲ ಚೆನ್ನಾಗಿ ತಣ್ಣಗಾಯ್ತು. ಎರಡನೇ ಸಲ ಅರ್ಧ. ಆಮೇಲೆ ಏನೂ ಇಲ್ಲ.”

“ನೋಡಿಯೂ ಔಷಧಿ ಯಾಕೆ ತೆಗೀಲಿಲ್ಲ?”

“ನೂರನೇ ಸಲ ಬರ್ಲಿ ಅಂತ ಕಾಯ್ತಿದ್ದೆ.”

ಅವಳಿಗೆ ಅಳು ಬಂತು. ಬಾಯಿ ತಪ್ಪಿ ಕೇಳಿದಳು: “ನಡುನಡುವೆ ಐಸಲ್ಲಿ ಇಡಲಿಲ್ವಾ?”

“ಯಾವ ಐಸು?”

“ಪ್ರತಿ ಸಲ ಅಳೆಯೋ ಮುಂಚೆ ಲೋಹಾನ ಐಸಲ್ಲಿಟ್ಟು, ಮೊದಲಿನ ಹಾಗೆ ಮಾಡಿಕೊಂಡು ಅಳೀತೀವಿ. ಎಲ್ಲರೂ ಹಾಗೇ ಅಳೆಯೋದು ಗುರುಗಳೇ.”

“ಅಂದ್ರೆ ನೀನು ನೂರು ಸಲಾನೂ ಮೊದಲನೇ ಸಲವನ್ನೇ ಅಳೆದೆ.”

ಕಾತ್ಯಾಯಿನಿ ಪೆಟ್ಟಿಗೆಯತ್ತ ನೋಡಿದಳು. ಮೂರು ವರ್ಷ ಕಣ್ಣೆದುರಿಗೇ ಇದ್ದ ಮಾತು ಅದು.

“ಲೋಹವನ್ನ ಮರಳಿಸಿದ್ದು ಯಾರಮ್ಮ, ವಿದ್ಯುತ್ತೋ ಐಸೋ?”

“ಐಸು,” ಎಂದಳು. “ನಿಮಗೆ ಮೊದಲೇ ಅನುಮಾನ ಇತ್ತಲ್ವಾ? ನನ್ನನ್ನ ಕೇಳಬಹುದಿತ್ತು.”

“ಕೇಳಿದ್ನಲ್ಲ, ಅಳೆದು ನೋಡಿದ್ಯಾ ಅಂತ.”

ಅವಳು ಹೆಗಲ ಮೇಲಿದ್ದ ಶಾಲು ತೆಗೆದು ಮಡಿಸಿಟ್ಟಳು.

“ನಾಳೆ ಸಭೆಗೆ ಬರೆದು ವರದಿ ವಾಪಸ್ ತಗೋತೀನಿ. ಇನ್ನು ಯಾರೂ ನನ್ನ ನಂಬಲ್ಲ.”

ಗುರುಗಳು ಹೊಸ ಸೀಸೆಯನ್ನು ಅವಳ ಕೈಗಿಟ್ಟರು.

“ಇದನ್ನ ನಿನ್ನ ಪೆಟ್ಟಿಗೇಲಿ ಇಡು.”

ಅವಳು ಬೆಚ್ಚಿಬಿದ್ದಳು. “ಮತ್ತೆ ಅದರಲ್ಲೇ? ಅದು ಕೆಲಸ ಮಾಡಲ್ಲ ಅಂತ ಈಗ ತಾನೇ ಗೊತ್ತಾಯ್ತಲ್ಲ ಗುರುಗಳೇ.”

“ಗೊತ್ತಾಯ್ತಲ್ಲ, ಅದಕ್ಕೇ ನಿನ್ನ ನಂಬ್ತೀನಿ, ಇಡು. ಈ ಸಲ ಐಸಿಲ್ಲದೆ, ಎರಡನೇ ಸಲದಿಂದ ಅಳೆಯೋಕೆ ಶುರು ಮಾಡು.”