ಕುರುಡುನವಿಲ ದಿಬ್ಬ

ಹೊಳೆಬೆಂಚಾಳದ ಮನೆಗಳೆಲ್ಲ ಮುಗಿದು ಹೊಳೆಯ ದಾರಿ ಇಳಿಯುವಲ್ಲಿ, ಎಡಗೈಗೆ, ಒಂದು ದಿಬ್ಬವಿದೆ. ದಿಬ್ಬ ಎಂದರೆ ಗುಡ್ಡವಲ್ಲ. ಹಳೆಯ ಮನೆಯೊಂದು ಕುಸಿದು, ಅದರ ಮೇಲೆ ವರ್ಷವರ್ಷವೂ ಮಣ್ಣು ಕೂತು, ಜಾಲಿ ಬೆಳೆದು ಆದ ಎತ್ತರ ಅಷ್ಟೆ. ಅದರ ನೆತ್ತಿಯ ಮೇಲೆ ಆ ಮನೆಯ ಪಡಸಾಲೆಯ ಗೋಡೆ ಇನ್ನೂ ನಿಂತಿದೆ. ಗೋಡೆಯ ಮೇಲೆ ಒಂದು ದೊಡ್ಡ ನವಿಲಿದೆ. ಬಣ್ಣದಲ್ಲಿ ಬರೆದದ್ದಲ್ಲ, ಹಸಿ ಗಾರೆಯಲ್ಲಿ ಗಾಜಿನ ಬಳೆಯ ಚೂರುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದು. ಬಿಸಿಲು ಪಡುವಣಕ್ಕೆ ವಾಲಿದಾಗ ಗರಿಗಳು ಹಸಿರಾಗಿ ಹೊಳೆಯುತ್ತವೆ. ಕಣ್ಣು ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಗುಳಿಯಿದೆ. ಅದಕ್ಕೇ ಈ ಜಾಗಕ್ಕೆ ಕುರುಡುನವಿಲ ದಿಬ್ಬ ಎಂದು ಹೆಸರು. ಗಾರೆ ಹಳತಾಗಿ ಕಣ್ಣು ತಾನಾಗಿಯೇ ಉದುರಿರಬೇಕು ಎಂದು ಹೊರಗಿನಿಂದ ಬಂದವರು ತಿಳಿಯುತ್ತಾರೆ. ಹಾಗಲ್ಲ. ಅದು ಉಳಿಯಿಂದ ಎಬ್ಬಿಸಿ ತೆಗೆದ ಕಣ್ಣು. ತೆಗೆದವರು ಯಾರು, ಏಕೆ ಎಂಬುದನ್ನು ಊರಿನ ಹಿರಿಯರು ಹೇಳುವ ಹಾಗೆಯೇ ಬರೆಯುತ್ತೇನೆ.

ಹಿಂದೆ ಒಮ್ಮೆ, ಎಷ್ಟು ಹಿಂದೆ ಎಂದು ಈಗ ಯಾರಿಗೂ ಗೊತ್ತಿಲ್ಲ, ಆ ಮನೆ ಬಳೆಗಾರರದಾಗಿತ್ತು ಎನ್ನುತ್ತಾರೆ. ಮನೆಯ ಯಜಮಾನ ಅಡಿವೆಪ್ಪ ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದ. ಮಲಾರ ಎಂದರೆ ಬಳೆಗಳನ್ನು ಪೋಣಿಸಿ ಹೆಗಲಿಗೆ ಹಾಕಿಕೊಳ್ಳುವ ಗೊಂಚಲು. ಅವನ ಹೆಂಡತಿ ನೀಲಗಂಗವ್ವ. ಅವರಿಗೆ ನಿಂಬೆವ್ವ ಎಂಬ ಒಬ್ಬಳೇ ಮಗಳು. ಅಡಿವೆಪ್ಪನ ತಮ್ಮ ತೀರಿಕೊಂಡಿದ್ದ. ಅವನ ವಿಧವೆ ಚೆನ್ನವ್ವ ಅದೇ ಮನೆಯಲ್ಲಿ ಇದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನಿಂಬೆವ್ವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಇಲ್ಲಿ ಬಳೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮುತ್ತೈದೆಯ ಬಳೆ ಕೆಲಸ ಮಾಡುವಾಗಲೋ ತೊಡಿಸುವಾಗಲೋ ಒಡೆದರೆ ಅದರಲ್ಲಿ ದೋಷವಿಲ್ಲ. ಅಂಥ ಚೂರುಗಳನ್ನು ಬಳೆಗಾರರು ಬುಟ್ಟಿಯಲ್ಲಿ ಕೂಡಿಟ್ಟು ಮತ್ತೆ ಕರಗಿಸಲು ಕೊಡುತ್ತಿದ್ದರು. ಗಂಡ ಸತ್ತಾಗ ಒಡೆಯುವ ಬಳೆ ಬೇರೆ. ಅದರ ಚೂರನ್ನು ಯಾರೂ ಮನೆಗೆ ತರುವಂತಿಲ್ಲ, ಹೊಳೆಗೇ ಬಿಡಬೇಕು. ಹಾಗೆಯೇ, ಗಂಡ ಬದುಕಿರುವವಳ ಬಳೆಯನ್ನು ಸತ್ತವನ ಹೆಂಡತಿಯ ಬಳೆಯೆಂದು ಹೊಳೆಗೆ ಬಿಟ್ಟರೆ ಆ ಗಂಡನ ಆಯುಷ್ಯಕ್ಕೆ ಕುತ್ತು ಎಂದು ನಂಬಿದ್ದರು. ಇದು ಎಲ್ಲ ಕಡೆಯ ನಂಬಿಕೆಯೋ ಅಲ್ಲವೋ ಗೊತ್ತಿಲ್ಲ, ಆ ಮನೆತನದಲ್ಲಂತೂ ಇತ್ತು.

ನಿಂಬೆವ್ವನಿಗೆ ಮದುವೆಯ ಸಂಬಂಧ ಕುದುರಿತು. ಮನೆಯ ಮುಂದೆ ಹಂದರ ಹಾಕುವ ಮೊದಲು ಪಡಸಾಲೆಯ ಗೋಡೆಯನ್ನು ಚೆಂದ ಮಾಡಬೇಕೆಂದು ನೀಲಗಂಗವ್ವ ಆಸೆಪಟ್ಟಳು. ಬುಟ್ಟಿಯಲ್ಲಿ ಚೂರುಗಳಿದ್ದವು, ಆದರೆ ಅವಳಿಗೆ ಅಂಥ ಕೈಚಳಕವಿರಲಿಲ್ಲ, ಅದಿದ್ದದ್ದು ಚೆನ್ನವ್ವನಿಗೆ. ವಿಧವೆ ಮದುವೆಮನೆಯ ಗೋಡೆ ಮುಟ್ಟಿದಳೆಂದು ತಿಳಿದರೆ ಬೀಗರು ಏನನ್ನುತ್ತಾರೋ ಎಂದು ಅಂಜಿ, ಕದ ಮುಚ್ಚಿ ಮಾಡಿಸಿದಳು. ಯಾರಾದರೂ ಕೇಳಿದರೆ ತಾನೇ ಮಾಡಿದ್ದೆಂದು ಹೇಳುವುದಾಗಿ ಮಾತಾಯಿತು.

ಚೆನ್ನವ್ವ ಕೆಲಸ ಮಾಡಿದ ಬಗೆ ಹೀಗೆ. ಒಂದು ಮೊಳದಷ್ಟು ಗಾರೆ ಮೆತ್ತಿ, ಅದು ಬಿಗಿಯುವ ಮೊದಲು ಚೂರುಗಳನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಬಳೆಯ ಚೂರು ಹೇಗೂ ಬಾಗಿರುತ್ತದೆ, ಗರಿಗೆ ಅದೇ ಬಾಗು ಬೇಕು. ಒಂದರ ತುದಿ ಇನ್ನೊಂದರ ಬೆನ್ನಿಗೆ ಕಚ್ಚುವಂತೆ, ಹೆಂಚು ಹೊದಿಸಿದ ಹಾಗೆ ಕೂರಿಸಿದಳು. ಅಂದರೆ ನಡುವಿನ ಒಂದನ್ನು ಕಿತ್ತರೆ ಪಕ್ಕದವೂ ಬರುತ್ತವೆ. ಕಣ್ಣು ಮಾತ್ರ ಬಿಡಿಯಾದ ದುಂಡು. ಅದಕ್ಕೆ ನೀಲಗಂಗವ್ವ ತನ್ನ ಮದುವೆಯಲ್ಲಿ ತೊಟ್ಟ ಕೆಂಪು ಬಳೆಯ ಚೂರುಗಳನ್ನು ತಂದುಕೊಟ್ಟಳು. ಅದು ಬೀಸುವಾಗ ಒಡೆದದ್ದು. ಅವಳು ಜೋಪಾನವಾಗಿ ಎತ್ತಿಟ್ಟಿದ್ದಳು.

“ಕಣ್ಣಿಗೆ ನಂದಿರಲಿ ಚೆನ್ನಿ. ಮಗಳ ಮ್ಯಾಲ ಅಕ್ಕಿಕಾಳು ಬೀಳೂದನ್ನ ನಾ ನೋಡಿದಂಗ ಆಕ್ಕೈತಿ.”

“ಎರಡು ಕಣ್ಣು ಸಾಲಲಿಲ್ಲೇನಕ್ಕಾ?” ಎಂದು ಚೆನ್ನವ್ವ ನಕ್ಕಳಂತೆ.

ಆದರೆ ಚೆನ್ನವ್ವನ ಬಳಿಯೂ ಚೂರುಗಳಿದ್ದವು. ಗಂಡ ಸತ್ತಾಗ ಹೊಳೆಯ ದಂಡೆಯಲ್ಲಿ ಅವಳ ಬಳೆ ಒಡೆದಿದ್ದರಲ್ಲ, ಆಗ ಕೆಲವನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಹಸಿರು ಚೂರುಗಳು. ಅವನ್ನು ಗರಿಗಳ ನಡುವೆ ಅಲ್ಲೊಂದು ಇಲ್ಲೊಂದು ಸೇರಿಸಿಬಿಟ್ಟಳು. ಕೇಡು ಬಯಸಿ ಅಲ್ಲ. ಹಂದರದೊಳಗೆ ಅವಳು ಕಾಲಿಡುವಂತಿರಲಿಲ್ಲ, ಮಗುವಿಗೆ ಕೊಡಲು ಬೇರೆ ಏನೂ ಇರಲಿಲ್ಲ. ಅವಳು ಸೆರಗು ಬಿಚ್ಚುವುದನ್ನು, ಚೂರುಗಳ ಬಣ್ಣ ಕಾಣದಷ್ಟು ದೂರದಿಂದ, ನಿಂಬೆವ್ವ ನೋಡಿದಳು. ಅದರ ಅರ್ಥ ಅವಳಿಗೆ ಆಗಲಿಲ್ಲ.

ಹಂದರ ಹಾಕುವ ದಿನ ಗಂಡಿನ ಸೋದರತ್ತೆ ಫಕೀರವ್ವ ತನ್ನವರೊಡನೆ ಬಂದಳು. ಗೋಡೆ ನೋಡಿ ಬೆರಗಾಗಿ ನಿಂತಳು. “ಯವ್ವಾ ನೀಲಗಂಗವ್ವಾ, ರೊಟ್ಟಿ ದುಂಡಗೆ ಬರೂದಿಲ್ಲ ನಿನಗ, ನವಿಲ ಹೆಂಗ ಬಂತು?” ಎಂದು ಚೇಷ್ಟೆ ಮಾಡಿದಳು. ನೀಲಗಂಗವ್ವ ಉತ್ತರ ಹುಡುಕುವಷ್ಟರಲ್ಲಿ ನಿಂಬೆವ್ವ ಹಿಗ್ಗಿನಿಂದ ಹೇಳಿಬಿಟ್ಟಳು: “ನಮ್ಮ ಚಿಗವ್ವ ಮಾಡ್ಯಾಳರೀ ಅತ್ತೀ. ತನ್ನ ಬಳಿಚೂರು ಸುದ್ದಾ ಹಾಕ್ಯಾಳ, ಸೆರಗಿನ್ಯಾಗ ಕಟ್ಟಿಟ್ಟಿದ್ಲು.”

ಫಕೀರವ್ವ ಕೆಳಗಿಟ್ಟಿದ್ದ ಬುತ್ತಿಗಂಟನ್ನು ಮತ್ತೆ ಎತ್ತಿಕೊಂಡಳು.

“ಆಕಿ ಚೂರು ಯಾವು ಅದಾವ, ಅವನ್ನ ಕಿತ್ತು ಹೊಳಿಗೆ ಬಿಡ್ರಿ. ಇಲ್ಲಾ, ಈ ಮನ್ಯಾಗ ನಮ್ಮ ಹುಡುಗ ಬಾಸಿಂಗ ಕಟ್ಟೂದಿಲ್ಲ.”

ಅಡಿವೆಪ್ಪ ತಮ್ಮನ ಹೆಂಡತಿಯನ್ನು ಹಿತ್ತಲಿನಿಂದ ಕರೆಸಿದ. ನಿಂಬೆವ್ವ ತಾನು ಏನು ಮಾಡಿದೆನೆಂದು ತಿಳಿದು ಕಂಬ ಹಿಡಿದು ಅಳುತ್ತಿದ್ದಳು. ಚೆನ್ನವ್ವ ಗೋಡೆಯನ್ನು ನೋಡಿದಳು. ಅವಳ ಹಸಿರು ಚೂರುಗಳು ಊರಿನ ಮುತ್ತೈದೆಯರ ಹಸಿರು ಚೂರುಗಳೊಳಗೆ ಸೇರಿಹೋಗಿದ್ದವು. ಯಾವುದು ಯಾರದೆಂದು ಅವಳಿಗೂ ಗುರುತಿರಲಿಲ್ಲ. ಗುರುತಿಲ್ಲ ಎಂದರೆ ಮದುವೆ ಮುರಿಯುತ್ತದೆ. ಇಲ್ಲಿ, ಅಲ್ಲಿ ಎಂದು ಸುಮ್ಮನೆ ತೋರಿಸಿದರೆ ಗರಿಗೆ ಗರಿ ಬಿಚ್ಚಿ ನವಿಲೇ ಉದುರುತ್ತದೆ. ಮದುವೆಮನೆಯ ಗೋಡೆ ಹಾಗೆ ಉದುರಿದರೂ ಮದುವೆ ಉಳಿಯುವುದಿಲ್ಲ. ಚೆನ್ನವ್ವ ಕೈಯೆತ್ತಿ ಕಣ್ಣನ್ನು ತೋರಿಸಿದಳು.

“ಅಷ್ಟ ನಂದು,” ಎಂದಳು.

ಅದು ಯಾರದೆಂದು ಅಲ್ಲಿ ಇಬ್ಬರಿಗೇ ಗೊತ್ತಿತ್ತು. ತೋರಿಸಿದವಳು ಒಬ್ಬಳು, ನೀಲಗಂಗವ್ವ ಇನ್ನೊಬ್ಬಳು. ನೀಲಗಂಗವ್ವ ಬಾಯಿ ಬಿಟ್ಟಿದ್ದರೆ ಗಂಡನಿಗೆ ತಗಲುವ ಕುತ್ತು ತಪ್ಪುತ್ತಿತ್ತು, ಆದರೆ ಮಗಳ ಮದುವೆ ಮುರಿಯುತ್ತಿತ್ತು. ಅವಳು ಮಗಳ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಸುಮ್ಮನಿದ್ದಳು. ಏನೂ ತಿಳಿಯದ ಅಡಿವೆಪ್ಪ ತಾನೇ ಉಳಿ ತಂದು, ಹೆಂಡತಿಯ ಮದುವೆಯ ಬಳೆಯ ಚೂರುಗಳನ್ನು ಎಬ್ಬಿಸಿ ತೆಗೆದು, ಬೀಗರ ಎದುರಿಗೇ ಹೊಳೆಗೆ ಎಸೆದು, ಕೈ ತೊಳೆದುಕೊಂಡು ಬಂದ. ಮದುವೆ ನಡೆಯಿತು.

ಆಮೇಲೆ ಬಹಳ ಕಾಲ ಆ ಇಬ್ಬರು ಹೆಂಗಸರು ಒಂದೇ ಒಲೆಯ ಮುಂದೆ ಕೂತು ಉಂಡರೂ ಆ ಮಾತನ್ನು ಎತ್ತಲಿಲ್ಲ ಎನ್ನುತ್ತಾರೆ. ಎತ್ತಿದ್ದು ಒಂದೇ ಸಲವಂತೆ.

“ನಂದಂತ ಗೊತ್ತಿತ್ತಲ್ಲ ಚೆನ್ನಿ?”

“ಗೊತ್ತಿತ್ತಕ್ಕಾ.”

“ಮತ್ತ ಅದನ್ನ ಯಾಕ ತೋರಿಸಿದಿ?”

“ನವಿಲ ಉದುರದಂಗ ಬರೂದು ಅದೊಂದ ಇತ್ತು. ನೀ ಯಾಕ ಸುಮ್ಮನಿದ್ದಿ?”

ಚೆನ್ನವ್ವ ಹೇಳಿದ್ದೇ ನಿಜವೆಂದು ಊರಿನ ಕೆಲವರು ನಂಬುತ್ತಾರೆ. ಕದ ಮುಚ್ಚಿ ದುಡಿಸಿಕೊಂಡ ಸಿಟ್ಟು ಆ ಬೆರಳಿನ ತುದಿಯಲ್ಲಿ ಇದ್ದೇ ಇತ್ತು ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಜಗಳ ಇನ್ನೂ ಮುಗಿದಿಲ್ಲ; ನಾನೂ ಮುಗಿಸಲಾರೆ. ಗುಳಿಯನ್ನು ಮುಚ್ಚಿಸೋಣವೆಂದು ಅಡಿವೆಪ್ಪ ಎಷ್ಟೋ ಸಲ ಹೇಳಿದ. ಆದರೆ ವಿಧವೆಯ ಚೂರು ಕಿತ್ತ ಜಾಗಕ್ಕೆ ತನ್ನ ಬಳೆಯ ಚೂರು ಕೊಡಲು ಊರಿನ ಯಾವ ಹೆಂಗಸೂ ಒಪ್ಪಲಿಲ್ಲ. ಹೀಗಾಗಿ ನವಿಲು ಕುರುಡಾಗಿಯೇ ಉಳಿಯಿತು.

ಅಡಿವೆಪ್ಪನಿಗೆ ಏನೂ ಆಗಲಿಲ್ಲ. ಹಲ್ಲು ಬಿದ್ದು ಬೆನ್ನು ಬಾಗುವವರೆಗೂ ಮಲಾರ ಹೊತ್ತು ತಿರುಗಿದ. ಆದರೆ ಅವನು ಪ್ರತಿ ಸಲ ಹೊರಟಾಗಲೂ ನೀಲಗಂಗವ್ವ ಗೋಡೆಯ ಹತ್ತಿರ ಹೋಗಿ ಗುಳಿಯೊಳಗೆ ಬೆರಳಿಟ್ಟು ನಿಲ್ಲುತ್ತಿದ್ದಳು. ಅವನು ತಡಮಾಡಿದ ದಿನ ಅಲ್ಲಿಂದ ಕದಲುತ್ತಲೇ ಇರಲಿಲ್ಲವಂತೆ. ಕೊನೆಗೆ ಅವಳೇ ಮೊದಲು ಸತ್ತಳು, ಕೈತುಂಬ ಬಳೆಯಿಟ್ಟುಕೊಂಡು. ಹೆಂಡತಿ ಹಾಗೇಕೆ ನಿಲ್ಲುತ್ತಿದ್ದಳೆಂದು ಅಡಿವೆಪ್ಪನಿಗೆ ಕಡೆಯವರೆಗೂ ತಿಳಿಯಲಿಲ್ಲ.

ಈಗ ಆ ದಿಬ್ಬ ಹತ್ತಿದವರಿಗೆ ಕಾಣುವುದು ಇಷ್ಟು. ಚಾವಣಿಯಿಲ್ಲ, ಕಂಬಗಳಿಲ್ಲ, ಗೋಡೆ ಮಾತ್ರ ಇದೆ. ಅಲ್ಲಿ ಪೂಜೆ ನಡೆಯುವುದಿಲ್ಲ, ಯಾರೂ ಕಾಯಿ ಒಡೆಯುವುದಿಲ್ಲ. ಗಂಡ ದೂರದ ಊರಿಗೆ ಹೋಗಿರುವ ಹೆಂಗಸರು ಒಬ್ಬೊಬ್ಬರಾಗಿ ಬಂದು, ಯಾರೊಡನೆಯೂ ಮಾತಾಡದೆ ಹೋಗುತ್ತಾರೆ. ಗರಿಗಳನ್ನು ಮುಟ್ಟಬಾರದು, ಗಾಜಿನ ಅಂಚು ಈಗಲೂ ಬೆರಳು ಕೊಯ್ಯುತ್ತದೆ. ಗುಳಿ ಮಾತ್ರ ಸವೆದು ಸವೆದು ಒರಳಿನ ಒಳಮೈಯಂತೆ ನುಣುಪಾಗಿದೆ. ಒಂದು ಬೆರಳು ಅದರಲ್ಲಿ ಸರಿಯಾಗಿ ಕೂರುತ್ತದೆ.