ಬಿಗಿ ಮುಚ್ಚಳ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗಿನಿಂದ ಪುಟ್ಟ ಇಂಚರಳ ಊಟದ ಡಬ್ಬಿ ತುಂಬಿದ ಹಾಗೆಯೇ ಮನೆಗೆ ಮರಳುತ್ತಿತ್ತು. ಮಗಳಿಗೆ ರುಚಿಸುತ್ತಿಲ್ಲವೆಂದು ಅಮ್ಮ ದಿನಕ್ಕೊಂದು ಅಡುಗೆ ಬದಲಿಸಿದಳು.

ಡಬ್ಬಿಯ ಮುಚ್ಚಳ ಬೀಗಿತು: “ನನ್ನ ಕಾವಲು ನೋಡಿ! ಒಂದು ಹನಿ ಎಣ್ಣೆಯೂ ಹೊರಗೆ ಸೋರಿಲ್ಲ.”

ಒಳಗಿದ್ದ ಮೆಂತ್ಯದ ಚಪಾತಿ ಮೆಲ್ಲಗೆ ಹೇಳಿತು: “ಅಣ್ಣಾ, ಮಧ್ಯಾಹ್ನ ನಿನ್ನನ್ನು ಎಳೆದೆಳೆದು ಇಂಚರಳ ಬೆರಳುಗಳು ಕೆಂಪಾದವು. ಹೊಸ ಟೀಚರನ್ನು ಕೇಳಲು ನಾಚಿ, ಬರೀ ನೀರು ಕುಡಿದು ಎದ್ದಳು. ನೀನು ನನ್ನನ್ನು ಯಾರಿಂದ ಕಾಯುತ್ತಿದ್ದೀಯ?”

ಮರುದಿನ ಬೆಳಿಗ್ಗೆ ಮುಚ್ಚಳ ಸಡಿಲವಾಗಿ ಕೂತಿತು.

ಸಂಜೆ ಚೀಲದ ತುಂಬ ಎಣ್ಣೆಯ ಕಲೆ. “ಹಾಳಾದ್ದು, ಈ ಮುಚ್ಚಳ ಕೆಟ್ಟುಹೋಯಿತು,” ಎಂದು ಗೊಣಗುತ್ತಾ ಅಮ್ಮ ಡಬ್ಬಿ ತೆರೆದಳು. ಒಳಗೆ ಒಂದು ಚೂರೂ ಉಳಿದಿರಲಿಲ್ಲ.